ಐಹೊಳೆಯ ಬ್ರಹ್ಮ ಮುಂಬೈಗೆ ಬಂದ ದಾರಿ

ಪ್ರಶ್ನೆ: ನಾವು ಇಳಕಲ್ ಕಡೆಯವರು, ಮೂರು ತಲೆಮಾರಿನಿಂದ ಡೊಂಬಿವಲಿಯಲ್ಲಿದ್ದೇವೆ. ರಜೆಯಲ್ಲಿ ಮಗಳನ್ನು ಕಾಳಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಬ್ರಹ್ಮನ ಒಂದು ದೊಡ್ಡ ಕಲ್ಲಿನ ಫಲಕದ ಕೆಳಗೆ ‘ಐಹೊಳೆ’ ಎಂದು ಬರೆದಿತ್ತು. ‘ಅಪ್ಪಾ, ಇದು ನಮ್ಮ ಕಡೀದಲ್ಲೇನು? ಇಲ್ಲ್ಯಾಕ ಬಂತು?’ ಅಂದಳು. ನನಗೆ ಹೇಳಲು ತಿಳಿಯಲಿಲ್ಲ. ಇದನ್ನು ಕದ್ದು ತಂದರೇ? ವಾಪಸು ಕೊಡಬೇಕಲ್ಲವೇ? ಮ್ಯೂಸಿಯಂನ ವಸ್ತುಗಳ ನಿಜವಾದ ಕಥೆ ತಿಳಿಯುವುದು ಹೇಗೆ? ನಮ್ಮ ಮನೆಯಲ್ಲೂ ಅಜ್ಜಿಯ ಇಳಕಲ್ ಸೀರೆ, ಹಿತ್ತಾಳೆ ಅಡಕತ್ತರಿ, ಮೋಡಿ ಲಿಪಿಯ (ಹಳೆಯ ಮರಾಠಿ ಕೂಡುಬರಹದ) ಕೆಲವು ಕಾಗದ ಇವೆ. ಅವನ್ನು ಏನು ಮಾಡಲಿ?

ಉತ್ತರ: ಮಗಳಿಗೆ ಹೀಗೆ ಹೇಳಿ: ಕದ್ದು ತಂದದ್ದಲ್ಲವ್ವಾ, ಆಗ ಐಹೊಳೆಯ ಸರ್ಕಾರ ಇದ್ದದ್ದೇ ಮುಂಬೈಯಲ್ಲಿ. ಸದ್ಯಕ್ಕೆ ಅಷ್ಟು ಸಾಕು. ಆದರೆ ಅವಳ ಪ್ರಶ್ನೆ ಅಷ್ಟಕ್ಕೇ ತೀರುವಂಥದ್ದಲ್ಲ. ಮ್ಯೂಸಿಯಂನಲ್ಲಿರುವ ಪ್ರತಿ ವಸ್ತುವಿಗೂ ಎರಡು ಚರಿತ್ರೆಗಳಿರುತ್ತವೆ. ಅದನ್ನು ಯಾರು, ಯಾವಾಗ, ಯಾಕೆ ಮಾಡಿದರು ಎಂಬುದು ಒಂದು. ಅದು ತನ್ನ ಜಾಗ ಬಿಟ್ಟು ಇಲ್ಲಿಯತನಕ ಹೇಗೆ ಬಂತು ಎಂಬುದು ಇನ್ನೊಂದು. ಲೇಬಲ್ಲು ಮೊದಲನೆಯದನ್ನು ಹೇಳುತ್ತದೆ, ಎರಡನೆಯದನ್ನು ಹೆಚ್ಚಾಗಿ ಹೇಳುವುದಿಲ್ಲ. ಮ್ಯೂಸಿಯಂ ಕೆಲಸದಲ್ಲೇ ಆಯುಷ್ಯ ಕಳೆದ ನನಗೆ ಈ ಎರಡನೆಯದೇ ಹೆಚ್ಚು ಮುಖ್ಯ. ಬಂದ ದಾರಿ ಮರೆತುಹೋದರೆ, ಮಾಡಿದವರ ಕಥೆಯೂ ನಿಧಾನವಾಗಿ ಕೈತಪ್ಪುತ್ತದೆ.

ಬಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು ಬ್ರಿಟಿಷರ ಕಾಲದಿಂದ 1956ರ ನವೆಂಬರ್ 1ರ ಏಕೀಕರಣದವರೆಗೆ ಮುಂಬೈ ಆಡಳಿತದಲ್ಲಿದ್ದವು. ಮೊದಲು ಮದರಾಸಿಗೆ ಸೇರಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬೈಗೆ ಕೂಡಿಸಿದರು. ನಿಮ್ಮ ಇಳಕಲ್ಲೂ ಐಹೊಳೆಯೂ ಆಗ ಬಿಜಾಪುರ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿದ್ದವು; ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಆ ಕಾಲದಲ್ಲಿ ನಿಮ್ಮ ಮುತ್ತಜ್ಜ ಹೊಲದ ತಂಟೆಯನ್ನು ಕೊನೆಯತನಕ ಒಯ್ದಿದ್ದರೆ ಅದು ಮುಂಬೈ ಹೈಕೋರ್ಟಿಗೆ ಬಂದು ನಿಲ್ಲುತ್ತಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಶುರುವಾದದ್ದು ಮುಂಬೈಯಲ್ಲೇ, ಧಾರವಾಡಕ್ಕೆ ಹೋದದ್ದು ಮರುವರ್ಷ. ದೊಡ್ಡ ಕೆಲಸ, ದೊಡ್ಡ ಕಚೇರಿ, ದೊಡ್ಡ ಸಂಗ್ರಹ ಎಲ್ಲವೂ ಸಮುದ್ರದ ದಂಡೆಯ ಈ ಊರಿನಲ್ಲಿ ಸೇರುತ್ತಿದ್ದ ಕಾಲ ಅದು.

ನೀವು ನೋಡಿದ ಮ್ಯೂಸಿಯಂ ಕೂಡ ಮುಂಬೈ ಊರಿಗಷ್ಟೇ ಎಂದು ಹುಟ್ಟಿದ್ದಲ್ಲ. ‘ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಹೆಸರಿನಲ್ಲಿ ಇಡೀ ಪಶ್ಚಿಮ ಭಾರತಕ್ಕೆಂದು ಕಟ್ಟಿದ್ದು. 1905ರ ನವೆಂಬರ್ 11ರಂದು ಅಡಿಗಲ್ಲು ಬಿತ್ತು. 1914ಕ್ಕೆ ಕಟ್ಟಡ ಮುಗಿಯಿತು, ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ ಅದು ಸೈನಿಕರ ಆಸ್ಪತ್ರೆಯಾಯಿತು. ಜನರಿಗೆ ಬಾಗಿಲು ತೆರೆದದ್ದು 1922ರ ಜನವರಿ 10ರಂದು. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್. ಮುಂದಿನ ಸಲ ಹೋದಾಗ ಉದ್ಯಾನದಲ್ಲಿ ನಿಂತು ಗುಮ್ಮಟವನ್ನು ಒಮ್ಮೆ ನೋಡಿ, ಬಿಜಾಪುರ ನೆನಪಾಗದೆ ಇರದು. ನಮ್ಮ ಕಡೆಯಿಂದ ಬಂದದ್ದು ಶಿಲ್ಪಗಳಷ್ಟೇ ಅಲ್ಲ, ಆ ಕಟ್ಟಡದ ನೆತ್ತಿಯ ಆಕಾರದಲ್ಲೂ ಆದಿಲ್‌ಶಾಹಿ ಊರಿನ ಋಣವಿದೆ.

ಇದೇ ಮಾತು ಸಿಂಧ್‌ಗೂ ಹೊಂದುತ್ತದೆ. 1936ರವರೆಗೆ ಸಿಂಧ್ ಕೂಡ ಮುಂಬೈ ಆಧಿಪತ್ಯದ ಭಾಗ. ಮೀರ್‌ಪುರ್ ಖಾಸ್ ಬಳಿಯ ಬೌದ್ಧ ಸ್ತೂಪವನ್ನು ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ 1909-10ರಲ್ಲಿ ಅಗೆಸಿದ. ಅಲ್ಲಿ ಸಿಕ್ಕ ಸುಟ್ಟ ಮಣ್ಣಿನ ಬುದ್ಧ ಮೂರ್ತಿಗಳು ಈಗ ನೀವು ನೋಡಿದ ಮ್ಯೂಸಿಯಂನಲ್ಲೇ ಇವೆ. ಬಿಜಾಪುರ, ಐಹೊಳೆ, ಪಟ್ಟದಕಲ್ಲುಗಳನ್ನು ಅಳೆದು, ಫೋಟೊ ತೆಗೆದು, 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಬಗ್ಗೆ ದೊಡ್ಡ ಗ್ರಂಥ ತಂದವನೂ ಇದೇ ಕಸಿನ್ಸ್. ನಿಮ್ಮ ಪಕ್ಕದ ಉಲ್ಲಾಸನಗರದ ಸಿಂಧಿ ಮನೆಯ ಮಗುವೊಂದು ಆ ಬುದ್ಧನ ಮುಂದೆ ನಿಂತರೆ ನಿಮ್ಮ ಮಗಳು ಕೇಳಿದ್ದನ್ನೇ ಕೇಳೀತು. ನಿಮ್ಮ ಮಗಳಾದರೆ ಒಂದು ರಾತ್ರಿಯ ಪ್ರಯಾಣದಲ್ಲಿ ಐಹೊಳೆಗೆ ಹೋಗಿ ಆ ಗುಡಿಯನ್ನು ನೋಡಿ ಬರಬಹುದು. ಆ ಮಗುವಿಗೆ ಊರು ಗಡಿಯಾಚೆ ಉಳಿದಿದೆ.

ಇನ್ನು ಬ್ರಹ್ಮನ ಫಲಕಕ್ಕೆ ಬರೋಣ. ಅದು ಐಹೊಳೆಯ ಹುಚ್ಚಪ್ಪಯ್ಯ ಗುಡಿಯದು, ಏಳನೆಯ ಶತಮಾನದ ಬಾದಾಮಿ ಚಾಲುಕ್ಯರ ಕಾಲದ್ದು. ಜೊತೆಗೆ ವಿಷ್ಣುವಿನದೂ ಶಿವನದೂ ಫಲಕಗಳಿವೆ. ಐಹೊಳೆಯ ಗುಡಿಗಳ ಹೆಸರು ಕೇಳಿ ಎಷ್ಟೋ ಜನ ಬೆರಗಾಗುತ್ತಾರೆ: ಲಾಡಖಾನ, ಹುಚ್ಚಿಮಲ್ಲಿ, ಗೌಡರ ಗುಡಿ. ಪೂಜೆ ನಿಂತುಹೋದ ಗುಡಿಗಳಲ್ಲಿ ಜನ ಸಂಸಾರ ಹೂಡಿದ್ದರು; ಹಲವು ಗುಡಿಗಳಿಗೆ ಇದ್ದವರ ಹೆಸರೇ ಅಂಟಿಕೊಂಡಿತು. ದೇವರು ಹೋದಮೇಲೂ ಆ ಗೋಡೆಗಳ ನಡುವೆ ಒಲೆ ಉರಿದಿದೆ, ದನ ಕಟ್ಟಿದ್ದಾರೆ, ಮಕ್ಕಳು ಹುಟ್ಟಿ ಬೆಳೆದಿದ್ದಾರೆ. ಈ ನಡುಗಾಲದ ಕಥೆಯನ್ನು ಲೇಬಲ್ಲುಗಳು ಹಾರಿಸಿಬಿಡುತ್ತವೆ. ‘ಏಳನೆಯ ಶತಮಾನ’ ಎಂದು ಬರೆದು, ಅಲ್ಲಿಂದ ನೇರ ಇಪ್ಪತ್ತನೆಯ ಶತಮಾನಕ್ಕೆ ಬಂದು ನಿಲ್ಲುತ್ತವೆ. ನಡುವಿನ ಸಾವಿರದ ಮುನ್ನೂರು ವರ್ಷ ಆ ಕಲ್ಲು ಯಾರ ತಲೆಯ ಮೇಲಿತ್ತು?

ತಲೆಯ ಮೇಲೆ ಎಂದು ಬೇಕೆಂದೇ ಹೇಳಿದೆ. ಆ ಫಲಕ ಗೋಡೆಯದಲ್ಲ, ಮಂಟಪದ ಛಾವಣಿಯದು. ಭಕ್ತ ಬಾಗಿಲು ದಾಟಿ ಒಳಗೆ ಬಂದು, ಗರ್ಭಗುಡಿಯ ಕಡೆ ನಡೆಯುತ್ತ ಕತ್ತೆತ್ತಿದರೆ ಮಂಟಪದ ಮಬ್ಬು ಬೆಳಕಿನಲ್ಲಿ ಬ್ರಹ್ಮ, ವಿಷ್ಣು, ಶಿವ ಕಾಣಬೇಕು, ಅದಕ್ಕಾಗಿ ಕಡೆದದ್ದು. ಶಿಲ್ಪಿ ಕೆಳಗಿನಿಂದ ನೋಡುವ ಕಣ್ಣಿಗೆ ಕೆತ್ತಿದ. ಇಂದು ನಾವು ಎದುರು ನಿಂತು, ಸಮನಾದ ವಿದ್ಯುತ್ ಬೆಳಕಿನಲ್ಲಿ, ಚೌಕಟ್ಟಿನ ಚಿತ್ರ ನೋಡುವ ಹಾಗೆ ನೋಡುತ್ತೇವೆ. ಬ್ರಹ್ಮನ ಸುತ್ತ ನೆರೆದ ಋಷಿಗಳ ಮುಖ, ಕೈಯ ಭಾವ ಇಷ್ಟು ಹತ್ತಿರದಿಂದ ಅಂದಿನ ಭಕ್ತನಿಗೂ ಕಂಡಿರಲಿಕ್ಕಿಲ್ಲ. ಅದು ನಮಗೆ ಸಿಕ್ಕ ಲಾಭ. ಕಳೆದುಕೊಂಡದ್ದು ಕತ್ತೆತ್ತುವ ಆ ಕ್ಷಣವನ್ನು, ಮಂಟಪದ ಮಬ್ಬನ್ನು, ಹೆಜ್ಜೆ ಮುಂದಿಟ್ಟ ಹಾಗೆ ಒಬ್ಬ ದೇವರಿಂದ ಇನ್ನೊಬ್ಬನತ್ತ ಹೊರಳುವ ನೋಟವನ್ನು. ಮಗಳನ್ನು ಮತ್ತೊಮ್ಮೆ ಕರೆದೊಯ್ದು, ಫಲಕದ ಮುಂದೆ ನಿಲ್ಲಿಸಿ, ‘ಇದು ನಿನ್ನ ನೆತ್ತಿಯ ಮೇಲಿತ್ತು ಅಂತ ತಿಳಕೊ’ ಎಂದು ಹೇಳಿನೋಡಿ. ಮಕ್ಕಳಿಗೆ ಇದು ದೊಡ್ಡವರಿಗಿಂತ ಬೇಗ ತಿಳಿಯುತ್ತದೆ.

ಐಹೊಳೆಗೂ ಮುಂಬೈಗೂ ನಂಟು ಬ್ರಿಟಿಷರು ಕಟ್ಟಿದ್ದು ಮಾತ್ರ ಎಂದುಕೊಳ್ಳಬೇಡಿ. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನವಿದೆ, ರವಿಕೀರ್ತಿ ಎಂಬ ಕವಿ ರಚಿಸಿದ್ದು. ಇಮ್ಮಡಿ ಪುಲಿಕೇಶಿಯ ದಂಡಯಾತ್ರೆಗಳನ್ನು ಹೊಗಳುತ್ತ ಕವಿ ಪಡುಗಡಲಿನ ಲಕ್ಷ್ಮಿಯಂತಿದ್ದ ‘ಪುರಿ’ ಎಂಬ ನಗರಕ್ಕೆ ಬರುತ್ತಾನೆ. ಮದವೇರಿದ ಆನೆಗಳ ಸಾಲಿನಂತೆ ಕಾಣುವ ನೂರಾರು ಹಡಗುಗಳಿಂದ ರಾಜ ಆ ಪುರಿಯನ್ನು ಮುತ್ತಿದಾಗ, ಮೋಡ ಕವಿದ ಆಕಾಶ ಕಡಲಿನಂತೆಯೂ ಕಡಲು ಆಕಾಶದಂತೆಯೂ ಕಂಡಿತು ಎನ್ನುತ್ತಾನೆ. ಈ ಪುರಿ ಕೊಂಕಣದ ಮೌರ್ಯರ ರಾಜಧಾನಿ. ಅದು ಗೇಟ್‌ವೇಯಿಂದ ದೋಣಿ ಹತ್ತಿ ನಾವು ಹೋಗುವ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು, ಜಂಜಿರಾ ಬಳಿಯ ರಾಜಪುರಿ ಎಂದು ಇನ್ನು ಕೆಲವರು ವಾದಿಸುತ್ತಾರೆ. ಯಾವುದೇ ಇರಲಿ, ಐಹೊಳೆಯ ಬೆಟ್ಟದ ಮೇಲೆ ಕುಳಿತ ಕವಿಯೊಬ್ಬ ಈ ಕೊಂಕಣ ಕರಾವಳಿಯನ್ನು ಕಣ್ಣಮುಂದೆ ತಂದುಕೊಂಡು ಬರೆದ ಸಾಲು ಅದು. ಮುಂಬೈಯಲ್ಲಿರುವ ಕನ್ನಡದ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.

ಹಾಗಾದರೆ ಒಂದು ವಸ್ತು ಹೋಯಿತು, ಇನ್ನೊಂದು ಉಳಿಯಿತು. ಇದನ್ನು ನಿರ್ಧರಿಸಿದ್ದು ಯಾವುದು? ಅಂದವೂ ಅಲ್ಲ, ಪಾವಿತ್ರ್ಯವೂ ಅಲ್ಲ. ಬಹಳ ಸಲ ತೂಕ. ಬಿಜಾಪುರದ ಮಲಿಕ್-ಎ-ಮೈದಾನ್ ತೋಪನ್ನು ನೀವು ನೋಡಿರಬಹುದು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ಎನ್ನುತ್ತಾರೆ. 1823ರಲ್ಲಿ ಮುಂಬೈ ಸರ್ಕಾರಕ್ಕೆ ಅದನ್ನು ಇಂಗ್ಲೆಂಡಿನ ರಾಜನಿಗೆ ಕಾಣಿಕೆಯಾಗಿ ಕಳಿಸುವ ಆಸೆಯಾಗಿತ್ತು; ಅಂದಿನ ರಸ್ತೆಗಳು ಅದನ್ನು ತಾಳಲಾರವೆಂದು ಕೈಬಿಟ್ಟರು. 1854ರಲ್ಲಿ ಹಳೆಯ ಸಾಮಾನೆಂದು ಹರಾಜಿಗೆ ಇಟ್ಟರೆ ಬಂದ ದೊಡ್ಡ ಸವಾಲು 150 ರೂಪಾಯಿ. ಜನ ಆ ತೋಪಿಗೆ ನಡೆದುಕೊಳ್ಳುತ್ತಿದ್ದರು, ಬಂದ ಬೆಲೆಯೂ ತೀರಾ ಕಡಿಮೆ. ಅಧಿಕಾರಿ ಮಾರಾಟ ನಿಲ್ಲಿಸಿದ. ಹೀಗೆ ತೋಪು ಬುರುಜಿನ ಮೇಲೇ ಉಳಿಯಿತು.

ಘಾರಾಪುರಿಯ ಕಲ್ಲಾನೆಗೆ ಆ ಭಾಗ್ಯವಿರಲಿಲ್ಲ. ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಎಂದು ಕರೆಯಲು ಆ ಆನೆಯೇ ಕಾರಣ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋದಾಗ ಎತ್ತುವ ಯಂತ್ರ ಮುರಿದು ಆನೆ ಬಿದ್ದು ಒಡೆಯಿತು. ಚೂರುಗಳನ್ನು ಭಾಯಖಳಾದ ರಾಣಿಬಾಗಿಗೆ ತಂದು ಹಾಕಿದರು, 1914ರಲ್ಲಿ ಜೋಡಿಸಿ ನಿಲ್ಲಿಸಿದರು. ಇಂದು ಭಾವು ದಾಜಿ ಲಾಡ್ ಮ್ಯೂಸಿಯಂನ ಹೊರಗೆ ನಿಂತಿದೆ. ಒಳಗಿನ ಮಣ್ಣಿನ ಬೊಂಬೆಗಳನ್ನೂ ಹಳೆಯ ಮುಂಬೈಯ ನಕಾಶೆಗಳನ್ನೂ ನೋಡಲು ಹೋಗುವ ಎಷ್ಟೋ ಜನ ಆನೆಯ ಮೈಮೇಲಿನ ಬೆಸುಗೆಗಳನ್ನು ಗಮನಿಸದೆ ದಾಟಿ ಹೋಗುತ್ತಾರೆ. ನನಗಂತೂ ಆ ಬೆಸುಗೆಗಳೇ ಅದರ ಅತಿ ಮುಖ್ಯ ಭಾಗ. ಯಾವ ಲೇಬಲ್ಲಿಗಿಂತಲೂ ಸ್ಪಷ್ಟವಾಗಿ ಅವು ನಡೆದದ್ದನ್ನು ಹೇಳುತ್ತವೆ. ಯಾವ ಹಳೆಯ ಕಲ್ಲನ್ನೇ ನೋಡಿ, ಮೊದಲು ಅಂಚುಗಳನ್ನು ನೋಡುವುದು ಒಳ್ಳೆಯ ಅಭ್ಯಾಸ. ತಾನಾಗಿ ಸವೆದದ್ದೇ, ಬಿದ್ದು ಒಡೆದದ್ದೇ, ಉಳಿ ಹಾಕಿ ಬೇರ್ಪಡಿಸಿದ್ದೇ ಎಂದು ಅಂಚು ಬಾಯಿಬಿಡುತ್ತದೆ.

ಮುಂಬೈ ಆಡಳಿತದ ವಿವರಣೆ ಎಲ್ಲ ಕನ್ನಡದ ವಸ್ತುಗಳಿಗೂ ಹೊಂದುವುದಿಲ್ಲ. ಅದೇ ಮ್ಯೂಸಿಯಂನಲ್ಲಿ ಶ್ರವಣಬೆಳಗೊಳದಿಂದ ಬಂದ ಬಾಹುಬಲಿಯ ಒಂದು ಕಂಚಿನ ಮೂರ್ತಿ ಇದೆ. ಕೈಕಾಲುಗಳಿಗೆ ಬಳ್ಳಿ ಹಬ್ಬಿದೆ, ಕೂದಲು ಹೆಗಲ ಮೇಲೆ ಇಳಿದಿದೆ. ಬೆಟ್ಟದ ಮೇಲಿನ ದೊಡ್ಡ ಗೊಮ್ಮಟ 981ರಲ್ಲಿ ನಿಂತದ್ದು. ಈ ಪುಟ್ಟ ಕಂಚು ಅದಕ್ಕಿಂತ ಹಳೆಯದು ಎಂಬುದು ವಿದ್ವಾಂಸರ ಅಭಿಪ್ರಾಯ. ಬೆಟ್ಟದ ಗೊಮ್ಮಟನನ್ನು ಕಂಡವರು ಈ ಚಿಕ್ಕ ಮೂರ್ತಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ, ಆ ಮಹಾಶಿಲ್ಪಕ್ಕೆ ಮುನ್ನವೇ ಬಾಹುಬಲಿಯ ಕಲ್ಪನೆ ಎಷ್ಟು ಮಾಗಿತ್ತು ಎಂದು ತಿಳಿಯುತ್ತದೆ. ಆದರೆ ಶ್ರವಣಬೆಳಗೊಳ ಮೈಸೂರು ಸಂಸ್ಥಾನದ ಊರು, ಮುಂಬೈ ಆಡಳಿತಕ್ಕೆ ಸೇರಿದ್ದಲ್ಲ. ಕೈಯಲ್ಲಿ ಎತ್ತಿಕೊಳ್ಳಬಹುದಾದ ಕಂಚಿನ ಮೂರ್ತಿಗಳು ಛಾವಣಿಯ ಚಪ್ಪಡಿಗಳ ಹಾಗೆ ಸರ್ಕಾರಿ ದಾರಿಯಲ್ಲೇ ಬರಬೇಕೆಂದಿಲ್ಲ. ಯಾತ್ರಿಕರು, ವ್ಯಾಪಾರಿಗಳು, ಸಂಗ್ರಾಹಕರು, ದಾನಿಗಳು, ಹೀಗೆ ಕೈಯಿಂದ ಕೈಗೆ ದಾಟುತ್ತವೆ. ಈ ಮ್ಯೂಸಿಯಂ ಸೇಠ್ ಪುರುಷೋತ್ತಮ ಮಾವಜಿ ಅವರ ಸಂಗ್ರಹವನ್ನು 1915ರಲ್ಲಿ ಪಡೆಯಿತು; ಸರ್ ರತನ್ ಟಾಟಾ, ಸರ್ ದೊರಾಬ್ ಟಾಟಾ ಅವರ ಸಂಗ್ರಹಗಳು ಆಮೇಲೆ ಬಂದವು. ಅಂಥ ಸಂಗ್ರಹಗಳಲ್ಲಿ ಒಂದೊಂದು ವಸ್ತುವಿಗೂ ಬೇರೆ ಬೇರೆ ದಾರಿ.

ಆ ದಾರಿ ತಿಳಿಯಲು ಇರುವ ಮುಖ್ಯ ಆಧಾರ ಆಕ್ಸೆಷನ್ ರಿಜಿಸ್ಟರ್. ವಸ್ತು ಮ್ಯೂಸಿಯಂ ಸೇರಿದ ದಿನ ಅದಕ್ಕೊಂದು ನಂಬರು ಕೊಟ್ಟು, ಎಲ್ಲಿಂದ, ಯಾರಿಂದ, ಹೇಗೆ ಬಂತು ಎಂದು ಬರೆದಿಡುವ ವಹಿ ಅದು. ಕೊಂಡದ್ದೇ, ದಾನವೇ, ಉತ್ಖನನದಲ್ಲಿ ಸಿಕ್ಕದ್ದೇ, ನಿಧಿಯಾಗಿ ಬಂದದ್ದೇ, ಎಲ್ಲ ಅದರಲ್ಲಿರಬೇಕು. ನಿಧಿ ಎಂದಾಗ ಹೊಲ ಉಳುವಾಗ ಸಿಗುವ ನಾಣ್ಯದ ಕುಡಿಕೆಗಳೂ ಸೇರುತ್ತವೆ. 1878ರ ಕಾನೂನಿನ ಪ್ರಕಾರ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ನೀವು ಮಾಡಬೇಕಾದದ್ದು ಸರಳ. ಲೇಬಲ್ಲಿನ ಫೋಟೊ ತೆಗೆದುಕೊಳ್ಳಿ, ಅದರಲ್ಲಿ ನಂಬರಿದ್ದರೆ ಆ ನಂಬರು ಕಾಣಿಸಿ, ಮ್ಯೂಸಿಯಂಗೆ ಒಂದು ಪತ್ರ ಬರೆಯಿರಿ: ಈ ವಸ್ತು ಯಾವ ವರ್ಷ, ಯಾವ ರೀತಿಯಲ್ಲಿ ಸಂಗ್ರಹಕ್ಕೆ ಬಂತು? ವಿದ್ವಾಂಸರೇ ಬರೆಯಬೇಕೆಂದಿಲ್ಲ. ಊರಿನವರು ಕೇಳಿದ ಪತ್ರಕ್ಕೆ ನಾನು ನನ್ನ ಕೆಲಸದ ದಿನಗಳಲ್ಲಿ ಯಾವಾಗಲೂ ಹೆಚ್ಚು ಗೌರವ ಕೊಡುತ್ತಿದ್ದೆ, ಯಾಕೆಂದರೆ ಎಷ್ಟೋ ಸಲ ನಮ್ಮ ವಹಿಯಲ್ಲಿ ಇಲ್ಲದ ಮಾಹಿತಿ ಅವರ ಪತ್ರದಲ್ಲೇ ಇರುತ್ತಿತ್ತು.

ಒಂದು ಎಚ್ಚರಿಕೆ. ಪ್ರಸಿದ್ಧ ವಸ್ತುವಿಗೆ ಅಂಟಿಕೊಂಡ ಕಥೆಗೂ ಪ್ರಮಾಣಕ್ಕೂ ನಡುವೆ ಅಂತರವಿರುತ್ತದೆ. 2024ರ ಜುಲೈಯಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಿಂದ ವಾಘನಖ (ಹುಲಿಯುಗುರಿನಂಥ ಕೈಯಾಯುಧ) ಸಾತಾರಕ್ಕೆ ಬಂದಾಗ ಜನ ಕಣ್ತುಂಬ ನೋಡಿದರು. ಅದು ಮೂರು ವರ್ಷದ ಎರವಲು. 1818ರ ನಂತರ ಸಾತಾರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಜೇಮ್ಸ್ ಗ್ರಾಂಟ್ ಡಫ್ ಅದನ್ನು ಪಡೆದು ಸ್ಕಾಟ್ಲೆಂಡಿಗೆ ಒಯ್ದ. ಪೆಟ್ಟಿಗೆಯ ಮೇಲಿನ ಬರಹದಲ್ಲಿ ಶಿವಾಜಿ ಮಹಾರಾಜರ ಹೆಸರಿದೆ. ಆದರೆ ಮಹಾರಾಜರು ವಾಘನಖದಿಂದ ಅಫ್ಜಲ್ ಖಾನನನ್ನು ಕೊಂದರೆನ್ನುವ ಪ್ರಸಂಗ ನಡೆದದ್ದು 1659ರಲ್ಲಿ, ಡಫ್‌ನ ಕೈಗೆ ಅದು ಬಂದದ್ದು ಒಂದೂವರೆ ಶತಮಾನದ ಮೇಲೆ. ನಡುವೆ ಅದು ಯಾರ ಬಳಿ ಇತ್ತು ಎಂಬ ಕೊಂಡಿಗಳು ದಾಖಲೆಯಲ್ಲಿಲ್ಲ. ಅದೇ ಇದು ಎಂದು ಖಚಿತವಾಗಿ ಹೇಳಲಾಗದು ಎಂದು ಲಂಡನ್ನಿನ ಮ್ಯೂಸಿಯಂ ಸ್ವತಃ ಹೇಳಿದೆ. ಇದನ್ನು ಹೇಳಿದರೆ ಭಕ್ತಿಗೆ ಕುಂದು ಎಂದು ಕೆಲವರು ಬೇಸರಪಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮಹಾರಾಜರ ದೊಡ್ಡತನಕ್ಕೆ ಒಂದು ಉಕ್ಕಿನ ಉಗುರಿನ ಸಾಕ್ಷಿ ಬೇಕಿಲ್ಲ. ಆ ವಸ್ತುವಿಗೆ ಮಾತ್ರ ತಾನು ನಡೆದ ದಾರಿಯ ಸಾಕ್ಷಿ ಬೇಕು.

ದಾರಿ ಬರೆದಿಟ್ಟರೆ ಎಂಥ ಸಂಪತ್ತು ಉಳಿಯುತ್ತದೆ ಎಂದು ನೋಡಬೇಕಾದರೆ ನಾಲಾಸೋಪಾರಾದ ಕಥೆ ಕೇಳಿ. ವಿರಾರ್ ಲೋಕಲ್ಲಿನಲ್ಲಿ ದಿನವೂ ಲಕ್ಷಾಂತರ ಜನ ಆ ಸ್ಟೇಷನ್ ದಾಟುತ್ತಾರೆ. ಅದು ಅಶೋಕನ ಶಾಸನ ಸಿಕ್ಕ ಪ್ರಾಚೀನ ಬಂದರು ಶೂರ್ಪಾರಕ. 1882ರಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿ ಅಲ್ಲಿನ ದಿಬ್ಬವೊಂದನ್ನು ಅಗೆಸಿದಾಗ ಇಟ್ಟಿಗೆಯ ಸ್ತೂಪ, ಅದರ ಹೃದಯದಲ್ಲಿ ದುಂಡನೆಯ ಕಲ್ಲಿನ ಪೆಟ್ಟಿಗೆ ಸಿಕ್ಕಿತು. ಮುಚ್ಚಳ ತೆಗೆದರೆ ನಡುವೆ ತಾಮ್ರದ ಭರಣಿ, ಸುತ್ತ ಎಂಟು ಕಂಚಿನ ಬುದ್ಧರು: ಏಳು ಹಿಂದಿನ ಬುದ್ಧರು, ಎಂಟನೆಯವನು ಇನ್ನು ಬರಬೇಕಾದ ಮೈತ್ರೇಯ. ತಾಮ್ರದೊಳಗೆ ಬೆಳ್ಳಿ, ಅದರೊಳಗೆ ಕಲ್ಲು, ಕಲ್ಲಿನೊಳಗೆ ಸ್ಫಟಿಕ, ಸ್ಫಟಿಕದೊಳಗೆ ಚಿನ್ನ. ಚಿನ್ನದ ಕರಂಡಕದಲ್ಲಿ ಇದ್ದದ್ದು ಮಣ್ಣಿನ ಪಾತ್ರೆಯ ಕೆಲವು ಚೂರು. ಬುದ್ಧನ ಭಿಕ್ಷಾಪಾತ್ರೆಯವು ಎಂದು ನಂಬಿ ಅಷ್ಟು ಜೋಪಾನ ಮಾಡಿದ್ದರು.

ಕಂಚಿನ ಬುದ್ಧರ ಶೈಲಿ ಸ್ತೂಪಕ್ಕಿಂತ ಎಷ್ಟೋ ಶತಮಾನ ಈಚಿನದು. ಅಂದರೆ ನಡುವೆ ಯಾವಾಗಲೋ ಭಕ್ತರು ಸ್ತೂಪವನ್ನು ತೆರೆದು, ಹಳೆಯ ಧಾತುವಿನ, ಅಂದರೆ ಆ ಪೂಜ್ಯ ಅವಶೇಷದ, ಸುತ್ತ ಹೊಸ ಮೂರ್ತಿಗಳನ್ನಿಟ್ಟು, ಮತ್ತೆ ಮುಚ್ಚಿದ್ದರು. ಇದು ಗೊತ್ತಾದದ್ದು ಹೇಗೆ? ಯಾವುದು ಯಾವುದರ ಒಳಗಿತ್ತು, ಯಾವ ಮೂರ್ತಿ ಯಾವ ಕಡೆ ಇತ್ತು ಎಂದು ಇಂದ್ರಜಿ ಬರೆದಿಟ್ಟದ್ದರಿಂದ. ನಿಧಿಗಳ್ಳರ ಕೈಗೆ ಸಿಕ್ಕಿದ್ದರೆ ಚಿನ್ನ ಕರಗಿಹೋಗುತ್ತಿತ್ತು, ಎಂಟು ಬುದ್ಧರು ಎಂಟು ಕಡೆ ಚದುರಿಹೋಗುತ್ತಿದ್ದರು, ಮಣ್ಣಿನ ಚೂರನ್ನು ಕಸವೆಂದು ಎಸೆಯುತ್ತಿದ್ದರು. ಆ ಚೂರೇ ಇಡೀ ಸ್ತೂಪಕ್ಕೆ ಕಾರಣವಾಗಿತ್ತು ಎಂದು ಯಾರಿಗೂ ಎಂದೂ ತಿಳಿಯುತ್ತಿರಲಿಲ್ಲ. ಆ ಧಾತುಗಳು ಇಂದಿಗೂ ಮುಂಬೈ ಏಷಿಯಾಟಿಕ್ ಸೊಸೈಟಿಯ ಆಸ್ತಿ.

ವಾಪಸಿನ ಪ್ರಶ್ನೆಗೆ ನನ್ನ ನಿಲುವು ಹೇಳುತ್ತೇನೆ. ಗಡಿ ದಾಟಿ ಕಳ್ಳಸಾಗಣೆಯಾದ ಮೂರ್ತಿಗಳು ಮರಳಿ ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದೇ ದೇಶದೊಳಗೆ, ಆಗಿನ ಆಡಳಿತದ ಊರಿಗೆ ಬಂದ ಫಲಕವನ್ನು ಅದೇ ತಕ್ಕಡಿಯಲ್ಲಿ ತೂಗಬಾರದು. ಬ್ರಹ್ಮನನ್ನು ಮತ್ತೆ ಛಾವಣಿಗೆ ಏರಿಸುವುದು ಹಳೆಯ ಗುಡಿಗೂ ಒಳ್ಳೆಯದಲ್ಲ, ಫಲಕಕ್ಕೂ ಅಲ್ಲ. ಆದರೆ ಎರಡು ಕೆಲಸ ಆಗಲೇಬೇಕು ಎಂಬುದು ನನ್ನ ಆಗ್ರಹ. ಐಹೊಳೆಯ ದುರ್ಗದ ಗುಡಿಯ ಆವರಣದಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಮೂರೂ ಫಲಕಗಳು ಒಮ್ಮೆಯಾದರೂ ಎರವಲಾಗಿ ಅಲ್ಲಿಗೆ ಹೋಗಿ, ಊರಿನ ಮಕ್ಕಳು ಅವನ್ನು ನೋಡಬೇಕು. ಮತ್ತೆ, ಮುಂಬೈಯಲ್ಲಿ ಫಲಕದ ಪಕ್ಕ ಆ ಗುಡಿಯ ಛಾವಣಿಯ ಒಂದು ಚಿತ್ರವೂ ಬಂದ ದಾರಿಯ ನಾಲ್ಕು ಸಾಲೂ ಇರಬೇಕು, ಅವು ಕನ್ನಡದಲ್ಲೂ ಇರಬೇಕು. ಈ ಊರಿನಲ್ಲಿ ಲಕ್ಷಗಟ್ಟಲೆ ಕನ್ನಡಿಗರಿದ್ದೇವೆ. ಮಾಟುಂಗಾದ ಕರ್ನಾಟಕ ಸಂಘದಂಥ ಸಂಸ್ಥೆಗಳು ಸೇರಿ ಕೇಳಿದರೆ ಇದೇನು ಆಗದ ಕೆಲಸವಲ್ಲ.

ಇನ್ನು ನಿಮ್ಮ ಮನೆಯ ವಸ್ತುಗಳು. ಅವನ್ನು ಏನು ಮಾಡಲಿ ಎಂದು ಕೇಳಿದ್ದೀರಿ. ಪುಣೆಯ ಶುಕ್ರವಾರ ಪೇಠೆಯಲ್ಲಿರುವ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂಗೆ ಒಂದು ದಿನ ಹೋಗಿಬನ್ನಿ. ದಿನಕರ ಗಂಗಾಧರ ಕೇಳ್ಕರ್ (1896-1990) ಕನ್ನಡಕದ ಅಂಗಡಿ ನಡೆಸುತ್ತಿದ್ದವರು, ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಮರಾಠಿ ಕವಿತೆ ಬರೆಯುತ್ತಿದ್ದವರು. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಒಬ್ಬನೇ ಮಗ ರಾಜಾನ ಹೆಸರಿನಲ್ಲಿ ಅವರು ಈ ಸಂಗ್ರಹ ಕಟ್ಟಿದರು. ಊರೂರು ಅಲೆದು ತಂದದ್ದು ರಾಜರ ಕಿರೀಟಗಳನ್ನಲ್ಲ. ದೀಪ, ಅಡಕತ್ತರಿ, ಬಾಗಿಲು, ಬಾಚಣಿಗೆ, ಅಡಿಗೆಮನೆಯ ಸಾಮಾನು, ವಾದ್ಯ. 1975ರಲ್ಲಿ ಎಲ್ಲವನ್ನೂ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಸ್ತುಗಳಿವೆ, ನೋಡಲು ಇಟ್ಟಿರುವುದು ಅದರಲ್ಲಿ ಸುಮಾರು 2,500. ಅಲ್ಲಿನ ಅಡಕತ್ತರಿಗಳನ್ನು ನೋಡಿದ ಮೇಲೆ ನಿಮ್ಮ ಮನೆಯದನ್ನು ಕೈಗೆತ್ತಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ: ನಿಮ್ಮದರ ಒಡತಿಯ ಹೆಸರು ನಿಮಗೆ ಗೊತ್ತು. ಎಷ್ಟೋ ಮ್ಯೂಸಿಯಂಗಳಿಗೆ ದುಡ್ಡು ಕೊಟ್ಟರೂ ಸಿಗದ ಮಾಹಿತಿ ಅದು.

ಆದ್ದರಿಂದ ಮೊದಲು ಬರೆದಿಡಿ. ಒಂದೊಂದು ವಸ್ತುವಿಗೂ ಒಂದು ಕಾರ್ಡು: ಯಾರದು, ಅವರ ಊರು ಯಾವುದು, ಯಾರು ಕೊಟ್ಟರು, ಯಾವ ಸಂದರ್ಭ, ಹೇಗೆ ಬಳಸುತ್ತಿದ್ದರು, ಡೊಂಬಿವಲಿಗೆ ಯಾವಾಗ ಯಾರ ಜೊತೆ ಬಂತು. ಹೇಳಿದವರ ಹೆಸರು, ಬರೆದ ತಾರೀಕು ಹಾಕಿ. ಅಜ್ಜಿಯನ್ನು ಕಂಡ ಹಿರಿಯರು ಇನ್ನೂ ಇದ್ದರೆ ಈ ವಾರವೇ ಫೋನು ಮಾಡಿ, ಅವರ ಮಾತನ್ನು ಅವರ ಆಡುನುಡಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ‘ಹಂಗ ಕೇಳಿದ್ದು’ ಎಂದರೆ ಹಾಗೆಯೇ ಬರೆಯಿರಿ, ಖಚಿತ ಎಂದು ತಿದ್ದಬೇಡಿ.

ಸೀರೆಯನ್ನು ತೊಳೆಯಲು ಹಾಕಬೇಡಿ. ಅರಿಶಿನದ ಕಲೆ ಇದ್ದರೂ ಇರಲಿ, ಅದೂ ಆ ಸೀರೆ ಕಂಡ ಬದುಕಿನ ಗುರುತು. ಸೆರಗು ಒಡಲಿಗೆ ಸೇರುವ ಕಡೆ ನೋಡಿ: ಇಳಕಲ್ಲಿನ ನೇಕಾರರು ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೊಂಡಿ, ಸೆರಗಿನ ಟೋಪ್ ತೆನಿ ನಮೂನೆಯ ಬಿಳಿ ಹಲ್ಲುಗಳು, ದಡಿಯ ನಮೂನೆ ಮೂರನ್ನೂ ಹತ್ತಿರದಿಂದ ಫೋಟೊ ತೆಗೆದು ಇಳಕಲ್ಲಿನ ಹಿರಿಯ ನೇಕಾರರಿಗೆ ತೋರಿಸಿ; ದಡಿಯ ಹೆಸರನ್ನಂತೂ ನೋಡಿದ ಕೂಡಲೇ ಹೇಳುತ್ತಾರೆ. ಇಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಮುಂಬೈಯ ಮಳೆಗಾಲದ ಥಂಡಿಗೆ ಒಳಗೇ ಬೂಸು ಹಿಡಿಯುತ್ತದೆ. ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ರೇಷ್ಮೆ ಅದೇ ಗೆರೆಯಲ್ಲಿ ಸೀಳುತ್ತದೆ.

ಅಡಕತ್ತರಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹಿಡಿಕೆಯ ಸವೆತ, ಹೆಸರು ಹೊಡೆಸಿದ ಚುಕ್ಕೆ ಅಕ್ಷರಗಳು ಇದ್ದರೆ ಅವು, ಎಲ್ಲ ತಿಕ್ಕಿದಷ್ಟೂ ಅಳಿಯುತ್ತವೆ. ಮೆತ್ತನೆಯ ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಕಾನೂನಿನ ಮಾತೂ ತಿಳಿದಿರಲಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಮೌಲ್ಯವುಳ್ಳ ಹಸ್ತಪ್ರತಿ ಪುರಾವಸ್ತು ಎನಿಸುತ್ತದೆ; ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ನೆಂಟರಿಗೆ ಪ್ರೀತಿಯಿಂದ ಕೊಟ್ಟು ಕಳಿಸುವ ಮುನ್ನ ಇದು ನೆನಪಿರಲಿ. ಊರಿನ ದೇವರಮನೆಯಲ್ಲಿ ಹಳೆಯ ಕಲ್ಲಿನ ಅಥವಾ ಲೋಹದ ವಿಗ್ರಹಗಳಿದ್ದರೆ ಅವನ್ನು ನೋಂದಾಯಿಸಬೇಕಾಗುತ್ತದೆ.

ಮೋಡಿ ಕಾಗದಗಳೇ ನಿಮ್ಮ ಮನೆಯ ಅತಿ ಬೆಲೆಬಾಳುವ ವಸ್ತು ಆಗಿರಬಹುದು. ಮುಂಬೈ ಆಡಳಿತದ ಕನ್ನಡ ಜಿಲ್ಲೆಗಳಲ್ಲೂ ಲೆಕ್ಕಪತ್ರಗಳು ಮೋಡಿಯಲ್ಲಿ ನಡೆಯುತ್ತಿದ್ದವು. ಹೊಲದ ಪತ್ರವೋ, ಸಾಲದ ಪತ್ರವೋ, ಇನಾಮಿನದೋ ಓದಿಸಿದರೆ ತಿಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡಿ, ಪಿನ್ನು ಇದ್ದರೆ ಮೆಲ್ಲಗೆ ತೆಗೆಯಿರಿ. ಮಹಾರಾಷ್ಟ್ರದ ಪುರಾಭಿಲೇಖಾಗಾರ ಕಾಳಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿದೆ, ನೀವು ಹೋಗಿದ್ದ ಮ್ಯೂಸಿಯಂನಿಂದ ಕೆಲವೇ ಹೆಜ್ಜೆ. ಹಳೆಯ ಮುಂಬೈ ಸರ್ಕಾರದ ದಾಖಲೆಗಳು ಅಲ್ಲಿವೆ, ಮೋಡಿ ಓದುವವರೂ ಸಿಗುತ್ತಾರೆ. ಅವರು ಮೋಡಿ ತರಗತಿಗಳನ್ನೂ ನಡೆಸುತ್ತಾರೆ. ಪುಣೆಯಲ್ಲಾದರೆ 1910ರಿಂದ ಇರುವ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ವಿಚಾರಿಸಿ. ಮೊದಲ ಸಲ ಹೋಗುವಾಗ ಪ್ರತಿ ಪುಟದ ಎರಡೂ ಬದಿಯ ಫೋಟೊ ಒಯ್ಯಿರಿ. ಮೂಲ ಕಾಗದವನ್ನು ಲೋಕಲ್ಲಿನ ಗರ್ದಿಯಲ್ಲಿ ಹೊತ್ತುಕೊಂಡು ಹೋಗಬೇಡಿ.